ಕೊರಾಲಿಯ ಪಾಲು

"ಹೊರಗಿಂದ ಬಂದವಳು ನೀನು! ಈ ಮಣ್ಣಲ್ಲಿ ನಿಂದು ಅಂತ ಒಂದು ಹಿಡಿಯೂ ಇಲ್ಲ. ನನ್ನ ಮಗ ಪ್ರಮಾಣ ಮಾಡಿದ್ರೆ ನಿನ್ನ ಬ್ಯಾಂಕು, ನಿನ್ನ ಹೋಟ್ಲು, ನಿನ್ನ ವ್ಯಾಪಾರ ಎಲ್ಲಾ. ಇಲ್ದಿದ್ರೆ ರಸ್ತೆ ಬದಿ ಕೂತ್ಕೊಂಡು ರೊಟ್ಟಿ ಮಾರು!"

ಬೆಳಗಿನ ಚಹಾಕ್ಕೂ ಮುಂಚೆ ಅತ್ತೆ ಮಿಸ್ ವರ್ಲಿನ್ ಶುರು ಹಚ್ಚಿಕೊಂಡಿದ್ದಳು. ಸೊಸೆ ಅಯೋನಿ ಒಲೆಯ ಮುಂದಿದ್ದಳು. ಕಾವಲಿಯ ಮೇಲಿನ ಮರಗೆಣಸಿನ ರೊಟ್ಟಿಯನ್ನು ಮಗುಚಿದಳು, ಇಳಿಸಿದಳು, ಬೆಂದಿದ್ದನ್ನೇ ಮತ್ತೆ ಕಾವಲಿಗೆ ಹಾಕಿದಳು. ಬಾಗಿಲ ತನಕ ಹೋಗಿ ಬಂದಳು. ಅವಳಿಗೆ ವಾರದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ನಮ್ಮ ದ್ವೀಪದಲ್ಲಿ ಆ ರೊಟ್ಟಿಯನ್ನು ಬ್ಯಾಮಿ ಎನ್ನುತ್ತೇವೆ. ತೆಂಗಿನ ಹಾಲಲ್ಲಿ ನೆನೆಸಿ ಕರಿದು, ಹುರಿದ ಮೀನಿನ ಜೊತೆ ತಿನ್ನುವುದಕ್ಕೆ ಅಯೋನಿಯ ಬ್ಯಾಮಿಯೇ ಆಗಬೇಕು ಎಂದು ಬ್ಲ್ಯಾಕ್ ರಿವರ್ ಪೇಟೆಯವರೂ ಹುಡುಕಿಕೊಂಡು ಬರುತ್ತಿದ್ದರು. ಕೊನೆಗೆ ಕಡಲ ದಂಡೆಯ ದೊಡ್ಡ ಹೋಟೆಲೊಂದು ವಾರವಾರವೂ ಬೇಕು ಎಂದಿತು. ಆದರೆ ನೋಂದಣಿಯಾದ ವ್ಯಾಪಾರದ ಬಿಲ್ಲು ಬೇಕು, ತೆರಿಗೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಬೇಕು, ಆರೋಗ್ಯ ಇಲಾಖೆ ಒಪ್ಪುವ ಅಡುಗೆಮನೆ ಬೇಕು. ಅಯೋನಿ ಹೆದರುವ ಹೆಂಗಸೇ? ತೆರಿಗೆ ಸಂಖ್ಯೆ ಮಾಡಿಸಿದಳು, ಆಹಾರ ಮುಟ್ಟುವವರ ಆರೋಗ್ಯ ಚೀಟಿ ಪಡೆದಳು, ವ್ಯಾಪಾರಕ್ಕೆ ಹೆಸರೂ ಆರಿಸಿದಳು. ತುರಿಯುವ ಯಂತ್ರ, ಹಿಂಡುವ ಯಂತ್ರ, ಟೈಲ್ಸ್ ಹಾಸಿದ ಅಡುಗೆಮನೆ, ಇಷ್ಟಕ್ಕೆ ಸಾಲ ಕೇಳಲು ಹೋದಾಗ ಮಾತ್ರ ಬ್ಯಾಂಕಿನವರು ತಣ್ಣಗೆ ಕೇಳಿದರು: "ನೆಲದ ಹಕ್ಕುಪತ್ರ ತಂದಿದ್ದೀರಾ?"

ಹಕ್ಕುಪತ್ರ! ನಮ್ಮ ಗುಡ್ಡಗಳಲ್ಲಿ ಅದು ಯಾರ ಬಳಿ ಇದೆ? ಗುಲಾಮಗಿರಿಯಿಂದ ಬಿಡುಗಡೆಯಾದ ಹಿರಿಯನೊಬ್ಬ ಬೆವರು ಸುರಿಸಿ ಕೊಂಡ ನೆಲ. ಇದು ನನ್ನ ಮಕ್ಕಳೆಲ್ಲರದು, ಅವರ ಮಕ್ಕಳೆಲ್ಲರದು ಎಂದು ಹೇಳಿ ಅದೇ ಅಂಗಳದಲ್ಲಿ ಮಣ್ಣಾದ. ಅವನ ರಕ್ತ ಹರಿಯುವ ಪ್ರತಿಯೊಬ್ಬರಿಗೂ ಅಲ್ಲಿ ಗುಡಿಸಲು ಹಾಕುವ ಹಕ್ಕುಂಟು, ಮಾರುವ ಹಕ್ಕು ಒಬ್ಬರಿಗೂ ಇಲ್ಲ. ಮದುವೆಯೊಳಗೆ ಹುಟ್ಟಿದವರು, ಹೊರಗೆ ಹುಟ್ಟಿದವರು ಎಂಬ ಭೇದವೂ ಇಲ್ಲ. ಎಲ್ಲರದೂ ಆದ ನೆಲವನ್ನು ಬ್ಯಾಂಕು ಅಡವಿಟ್ಟುಕೊಳ್ಳುವುದಾದರೂ ಹೇಗೆ?

ಒಂದೇ ದಾರಿಯಿತ್ತು. ಈ ನೆಲವನ್ನು ವರ್ಷಾನುವರ್ಷ ನಾನೊಬ್ಬನೇ ಅನುಭವಿಸಿದ್ದೇನೆ, ಬೇರೆ ಯಾರೂ ಹಕ್ಕು ಕೇಳಿಲ್ಲ ಎಂದು ಅಯೋನಿಯ ಗಂಡ ಲಾಸೆಲ್ಸ್ ಪ್ರಮಾಣ ಮಾಡಬೇಕು, ಹಿರಿಯರು ಹೌದೆನ್ನಬೇಕು. ಆಗ ಅವನ ಹೆಸರಿಗೆ ಪತ್ರ ಸಿಗುತ್ತದೆ. ಸೊಸೆಯ ವ್ಯಾಪಾರ ಕಂಡರೆ ಉರಿದು ಬೀಳುತ್ತಿದ್ದ ಮಿಸ್ ವರ್ಲಿನ್ ತಾನೇ ಮುಂದೆ ಬಂದು ಸಾಕ್ಷಿ ಹೇಳುತ್ತೇನೆ ಎಂದಳು. ಅದು ಧಾರಾಳತನವಲ್ಲ, ಹಳೆಯ ಹೊಟ್ಟೆಯುರಿ.

ಏಕೆಂದರೆ ಅಂಗಳದ ಹಿಂದೆ, ಹಲಗೆಯ ಒಂದೇ ಕೋಣೆಯ ಮನೆಯಲ್ಲಿ, ಕೊರಾಲಿ ಇದ್ದಳು. ಮಿಸ್ ವರ್ಲಿನ್‌ಳ ತೀರಿಹೋದ ಗಂಡನಿಗೆ ಇನ್ನೊಬ್ಬಳಲ್ಲಿ ಹುಟ್ಟಿದ ಮಗಳು. ಬೆಳಗಾದರೆ ಅಯೋನಿಯ ಪಕ್ಕ ಕೂತು ಗೆಣಸು ತುರಿಯುವವಳು, ಅದರೊಳಗಿನ ನಂಜಿನ ನೀರು ಹೋಗುವ ತನಕ ಹಿಂಡುವವಳು. ಲಾಸೆಲ್ಸ್ ಪ್ರಮಾಣ ಮಾಡಿದರೆ ಕಾನೂನಿನ ಕಣ್ಣಿಗೆ ಕೊರಾಲಿ ಎಂಬುವಳು ಆ ಮಣ್ಣಿನ ಮೇಲೆ ಇಲ್ಲವೇ ಇಲ್ಲ.

"ಒಂದು ಸಹಿ ತಾನೇ ಅಯೋನಿ," ಎಂದ ಲಾಸೆಲ್ಸ್ ಶೂ ಹಾಕಿಕೊಳ್ಳುತ್ತಾ. "ಆಮೇಲೆ ನಾವೇನು ಅವಳನ್ನ ಓಡಿಸ್ತೀವಾ?"

"ನೀವು ಓಡಿಸಲ್ಲ. ನಿಮ್ಮಮ್ಮ?"

"ಅಮ್ಮ ಬಾಯಿ ಜೋರು ಅಷ್ಟೆ."

"ನಿಮ್ಮಮ್ಮನ ಎದುರಿಗೆ ಯಾವತ್ತಾದ್ರೂ ಒಂದು ಮಾತಾಡಿದ್ದೀರಾ ನೀವು?" ಎಂದವಳೇ ಮುಖ ಮುಚ್ಚಿಕೊಂಡಳು. "ನಂಗೂ ಬೇಕು ಲಾಸೆಲ್ಸ್... ಅಯ್ಯೋ ದೇವರೇ, ನಂಗೂ ಬೇಕು ಈ ವ್ಯಾಪಾರ! ಈ ತಿಂಗಳು ದಾಟಿದ್ರೆ ಹೋಟ್ಲಿನವರು ಬೇರೆಯವರನ್ನ ನೋಡ್ಕೋತಾರೆ. ನಡೀರಿ, ನನ್ನ ಮನಸ್ಸು ಬದಲಾಗೋ ಮುಂಚೆ ನಡೀರಿ!"

ಕಾಲುದಾರಿಯಲ್ಲಿ ಕೊರಾಲಿ ಗೆಣಸಿನ ಬುಟ್ಟಿ ಹೊತ್ತು ಎದುರಾದಳು.

"ಏನಿದು, ಚರ್ಚಿಗೆ ಹೋಗೋ ಬಟ್ಟೆ ಹಾಕ್ಕೊಂಡು ಹೊರಟೆ? ಯಾರ ಮದುವೆನಮ್ಮಾ?"

"ಮೇಷ್ಟ್ರ ಹತ್ರ... ಸಾಲದ್ದು ಒಂದು ಕಾಗದ."

"ಹೋಗ್ಬಾ, ಹೋಗ್ಬಾ. ಇವತ್ತು ತುರಿಯೋದು ಹಿಂಡೋದು ಎಲ್ಲಾ ನಂದು. ಸಾಲ ಸಿಕ್ರೆ ನಂಗೊಂದು ಹೊಸ ಏಪ್ರನ್ ಕೊಡಿಸಬೇಕು ನೋಡು!" ಎಂದು ನಗುತ್ತಾ ಹೋದಳು. ಆ ನಗು ಅಯೋನಿಯ ಎದೆಯಲ್ಲಿ ನೆಟ್ಟುಕೊಂಡಿತು.

ಗೇಲ್ ಮೇಷ್ಟ್ರು ನಿವೃತ್ತರಾದ ಮೇಲೆ ಸರ್ಕಾರ ಅವರಿಗೆ ಪ್ರಮಾಣ ಮಾಡಿಸುವ ಅಧಿಕಾರ ಕೊಟ್ಟಿತ್ತು. ತಮ್ಮ ಜಗಲಿಯ ಮೇಜಿನ ಮೇಲೆ ಬೈಬಲ್ ಇಟ್ಟು, ಕನ್ನಡಕ ಏರಿಸಿ, ಕಾಗದವನ್ನು ಜೋರಾಗಿ ಓದಿದರು. "...ಈ ನೆಲದಲ್ಲಿ ನನ್ನ ಮತ್ತು ನನ್ನ ಮನೆಯವರ ಹೊರತು ಬೇರೆ ಯಾರೂ ವಾಸವಾಗಿಲ್ಲ, ಯಾರಿಗೂ ಹಕ್ಕಿಲ್ಲ..." ಓದು ನಿಂತಿತು. ಲಾಸೆಲ್ಸನಿಗೂ ಕೊರಾಲಿಗೂ ಅಕ್ಷರ ಕಲಿಸಿದವರು ಅವರೇ.

"ಯಾರೂ ಇಲ್ವೇನೋ ಲಾಸೆಲ್ಸ್?"

ಲಾಸೆಲ್ಸ್ ನೆಲ ನೋಡಿದ. ಉತ್ತರ ಕೊಟ್ಟವಳು ತಾಯಿ.

"ಇಲ್ಲ ಮೇಷ್ಟ್ರೇ. ನನ್ನ ಗಂಡ ಮಾಡಿದ ಒಂದು ತಪ್ಪಿದೆ. ತಪ್ಪಿಗೆ ಯಾರೂ ಪಾಲು ಕೊಡಲ್ಲ. ಕೈ ಇಡೋ ಬೈಬಲ್ ಮೇಲೆ!"

ಲಾಸೆಲ್ಸ್ ಕೈ ಇಟ್ಟ. ಅಯೋನಿಗೆ ಯಂತ್ರ ಕಂಡಿತು, ಬಿಳಿ ಟೈಲ್ಸಿನ ಅಡುಗೆಮನೆ ಕಂಡಿತು, ಬಾಗಿಲಲ್ಲಿ ನಿಂತ ಹೋಟೆಲಿನ ವ್ಯಾನು ಕಂಡಿತು. ಇನ್ನೊಂದು ಉಸಿರು ಬಿಗಿಹಿಡಿದಿದ್ದರೆ ಸಾಕಿತ್ತು. ಆದರೆ ಅವಳ ಬಾಯಿಂದ ಕೂಗು ಹೊರಟಿತು.

"ಕೈ ತೆಗೀರಿ! ಲಾಸೆಲ್ಸ್, ಕೈ ತೆಗೀರಿ! ನಮಗೋಸ್ಕರ ಗೆಣಸು ಹಿಂಡ್ತಾ ಕೂತಿದ್ದಾಳೆ ಅವಳು... ಈಗ, ಈ ಕ್ಷಣದಲ್ಲಿ! ಅವಳನ್ನ ಇಲ್ಲ ಅಂದು ನಾನು ಯಾವ ಬಾಯಲ್ಲಿ ಆ ರೊಟ್ಟಿ ಮಾರ್ಲಿ?"

ಗೇಲ್ ಮೇಷ್ಟ್ರು ಕಾಗದವನ್ನು ಎರಡಾಗಿ ಮಡಿಸಿ ಲಾಸೆಲ್ಸನ ಜೇಬಿಗೆ ತುರುಕಿದರು.

ಮಿಸ್ ವರ್ಲಿನ್ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕುತ್ತಾ ನಡೆದಳು. ಮನೆ ಸೇರಿದ್ದೇ ತಡ, ಅಯೋನಿಯ ತುರಿಮಣೆ, ಕಾವಲಿ, ರೊಟ್ಟಿಗೆ ಗುಂಡು ಆಕಾರ ಕೊಡುವ ಕಬ್ಬಿಣದ ಬಳೆಗಳು ಒಂದೊಂದಾಗಿ ಅಂಗಳಕ್ಕೆ ಬಿದ್ದವು. "ನನ್ನ ಅಡುಗೆಮನೇಲಿ ಇನ್ನು ನಿನ್ನ ಒಲೆ ಉರಿಯಲ್ಲ! ಈ ನೆಲದಲ್ಲಿ ಒಲೆ ಹೂಡೋಕೆ ನಿಂಗ್ಯಾವ ಹಕ್ಕಿದೆ? ಹೇಳೇ, ಯಾವ ಹಕ್ಕಿದೆ?"

ಸೊಸೆಗೆ ಆ ಮಣ್ಣಿನ ಮೇಲೆ ನಿಜಕ್ಕೂ ಯಾವ ಹಕ್ಕೂ ಇರಲಿಲ್ಲ.

ಸದ್ದಿಗೆ ಕೊರಾಲಿ ಓಡಿಬಂದಳು. ಅಯೋನಿ ಅಲ್ಲಿಯೇ, ಎಲ್ಲರೆದುರಿಗೆ, ಬಿಕ್ಕುತ್ತಾ ಹೇಳಿಬಿಟ್ಟಳು. "ನಿನ್ನ ಪಾಲು ಅಳಿಸೋಕೆ ಹೊರಟಿದ್ದೆ ಕೊರಾಲಿ... ನಾನೂ ಹೊರಟಿದ್ದೆ. ಒಳ್ಳೆ ಬಟ್ಟೆ ಹಾಕ್ಕೊಂಡು ಹೊರಟಿದ್ದೆ!"

ಕೊರಾಲಿಯ ಮುಖ ಬಿಳುಚಿತು. ಆಮೇಲೆ ಬಗ್ಗಿ ತುರಿಮಣೆ ಎತ್ತಿಕೊಂಡು ತನ್ನ ಹಳೆಯ ಲಂಗಕ್ಕೇ ಮಣ್ಣು ಒರೆಸಿದಳು.

"ಅವಳಿಗೆ ಹಕ್ಕಿಲ್ಲ, ಹೌದು ಮಿಸ್ ವರ್ಲಿನ್. ನಂಗಿದೆ. ಒಲೆ ನನ್ನ ಮನೆ ಮುಂದೆ ಹೂಡ್ತೀವಿ."

ಕಾವಲಿಯನ್ನು ಎತ್ತಿಕೊಂಡು ಅವಳ ಹಿಂದೆ ನಡೆದವನು ಲಾಸೆಲ್ಸ್. ತಾಯಿ ಕೂಗಿದಳು, ಅವನು ತಿರುಗಲಿಲ್ಲ. ಮಿಸ್ ವರ್ಲಿನ್ ಕಿಟಕಿ ಹಾಕಿಕೊಂಡು ಒಳಗೆ ಅತ್ತಳೋ, ಶಪಿಸಿದಳೋ, ನಮಗೆ ತಿಳಿಯದು.

ಹೋಟೆಲು ಕಾಯಲಿಲ್ಲ, ಬೇರೊಬ್ಬರ ರೊಟ್ಟಿ ಹಿಡಿಯಿತು. ಆ ದಿನ ಅಯೋನಿ ಊಟ ಮಾಡಲಿಲ್ಲ. ಕೊನೆಗೆ ಊರಿನ ಉಳಿತಾಯ ಸಂಘದವರು ನೆಲ ಕೇಳದೆ, ಯಂತ್ರವನ್ನೇ ಆಧಾರ ಮಾಡಿಕೊಂಡು ತುರಿಯುವ ಯಂತ್ರಕ್ಕೆ ಮಾತ್ರ ಸಾಲ ಕೊಡಲು ಒಪ್ಪಿದರು. ಆದರೆ ಒಲೆ ಕೊರಾಲಿಯ ಹಕ್ಕಿನ ನೆಲದ ಮೇಲೆ, ಕಸುಬು ಅಯೋನಿಯದು. ಆದ್ದರಿಂದ ಇಬ್ಬರ ಹೆಸರಲ್ಲೂ ನೋಂದಣಿಯಾಗಬೇಕು ಎಂದರು.

ನೋಂದಣಿ ಕಚೇರಿಯ ಹೆಂಗಸು ತಾಳ್ಮೆಯವಳು. "ಲಾಭ ಹೇಗೆ ಹಂಚ್ಕೋತೀರಿ?"

"ಅರ್ಧ ಅರ್ಧ," ಎಂದಳು ಅಯೋನಿ.

"ಸಹಿ ಹಾಕೋ ಮುಂಚೆ ಕೇಳಿಸ್ಕೊಳ್ಳಿ ಅಮ್ಮ," ಆಕೆ ಕೊರಾಲಿಯ ಕಡೆ ತಿರುಗಿದಳು. "ಪಾಲುದಾರಿಕೆ ಅಂದ್ರೆ ಲಾಭ ಒಂದೇ ಅಲ್ಲ. ನಾಳೆ ವ್ಯಾಪಾರ ಮುಳುಗಿದ್ರೆ ಸಾಲ ನಿಮ್ಮ ತಲೆ ಮೇಲೂ ಬರತ್ತೆ. ಇವರು ಕೈಯೆತ್ತಿದ್ರೆ ಪೂರ್ತಿ ನಿಮ್ಮ ಮೇಲೇ. ಬೇಕಾದ್ರೆ ಯೋಚನೆ ಮಾಡಿ, ಇನ್ನೊಂದು ದಿನ ಬನ್ನಿ."

ಅಯೋನಿ ಕೊರಾಲಿಯ ಮುಖ ನೋಡಿದಳು. ಅಳಿಸಲು ಹೊರಟವಳನ್ನು ನಂಬಿ ಯಾರು ತಾನೇ ಸಹಿ ಹಾಕಿಯಾರು?

ಕೊರಾಲಿಯ ಕಣ್ಣು ತುಂಬಿ ಬಂದಿತು. ಪೆನ್ನು ಹಿಡಿದ ಕೈಯಿಂದಲೇ ಒರೆಸಿಕೊಂಡಳು.

"ಕೊಡಮ್ಮ ಇಲ್ಲಿ, ಎಲ್ಲಿ ಹಾಕ್ಬೇಕು ತೋರಿಸು. ಇಷ್ಟು ವಯಸ್ಸಾಯ್ತು... ಇದು ನಿಂದು ಅಂತ ಯಾರೂ ನಂಗೆ ಸಾಲವನ್ನೂ ಕೊಟ್ಟವರಿಲ್ಲ!"