ಬಾಲದ ಭಾರ

ಸಾವಿನ ಮನೆಯಿಂದ ನೇರ ಮನೆಗೆ ಬಂದರೆ ಸತ್ತವರು ಹಿಂದೆಯೇ ಬರುತ್ತಾರೆ, ನಡುವೆ ಎಲ್ಲಾದರೂ ನಿಂತು ಬರಬೇಕು ಎಂಬುದು ನಮ್ಮ ಇಲೊಯಿಲೊ ಊರಿನವರ ನಂಬಿಕೆ. ಗೆಳೆಯ ತಾಸ್ಯೊ ಸತ್ತ ದಿನ ನಾನು ನಿಲ್ಲಲಿಲ್ಲ. ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ಕೊಯ್ದು ನಾವಿಬ್ಬರೂ ಮಾಡುತ್ತಿದ್ದ ರಿಮೋಟ್ ವಿಮಾನದ ರೆಕ್ಕೆಗೆ ಆಗಷ್ಟೇ ಅಂಟು ಹಾಕಿ ಹೋಗಿದ್ದೆ.

"ದಾರೀಲಿ ಎಲ್ಲಾದ್ರೂ ನಿಂತ್ರಾ?" ಹೆಂಡತಿ ಮೇರಿಂಗ್ ಬಾಗಿಲಲ್ಲೇ ಕೇಳಿದಳು.

"ಅಂಟು ಒಣಗ್ತಿತ್ತು ಕಣೇ."

"ನಿಮ್ಮ ವಿಮಾನಕ್ಕಿಷ್ಟು ಬೆಂಕಿ ಹಾಕ! ಮನೇಲಿ ಕೂಸಿದೆ!"

ಸಮತೂಕ ನೋಡಲು ರೆಕ್ಕೆಗಳಡಿ ಎರಡು ಬೆರಳಿಟ್ಟು ವಿಮಾನ ಎತ್ತಿದೆ. ಬಾಲ ಕುಸಿಯಿತು. ಭಾರಕ್ಕೆಂದು ಮೂತಿಗೆ ಸೀಸದ ತುಂಡು ಅಂಟಿಸಿದೆ, ಬಾಲ ಇನ್ನೂ ಕುಸಿಯಿತು. ಮಧ್ಯಾಹ್ನದ ಆ ಸೆಕೆಯಲ್ಲೂ ಥರ್ಮಾಕೋಲ್ ತಣ್ಣಗೆ ಕೊರೆಯುತ್ತಿತ್ತು, ಶವದ ಬಳಿಯ ಮೇಣದಬತ್ತಿಯ ವಾಸನೆ ಬರುತ್ತಿತ್ತು.

"ಬಿಡೋ ತಾಸ್ಯೊ," ಎಂದೆ.

ಬಾಲ ಮೆಲ್ಲನೆ ಮೇಲೆದ್ದಿತು.

ಒಳಗಿನಿಂದ ಮೇರಿಂಗ್ ಚೀರಿದಳು: "ರೀ, ಬೇಗ ಬನ್ನಿ! ಕೂಸನ್ನ ಎತ್ತೋಕೇ ಆಗ್ತಿಲ್ಲ!"