ಚೌಕಿಯಲ್ಲಿ ಕಾಣೆಯಾದ ಮುಳ್ಳುಚಕ್ರ

ಸಿಡ್ನಿಯ ಬ್ಲ್ಯಾಕ್‌ಟೌನ್ ಸಭಾಭವನದ ಮುಂದೆ ಕಾರು ನಿಲ್ಲುವ ಮೊದಲೇ ಭವ್ಯಶ್ರೀ ಓಡಿ ಬಂದಳು. ಅರ್ಧ ಮುಖಕ್ಕೆ ಬಣ್ಣ ಹಚ್ಚಿತ್ತು, ಉಳಿದರ್ಧ ಬಿಳಿಚಿಕೊಂಡಿತ್ತು.

"ಆಂಟಿ, ಸ್ಪರ್ಸ್ ಕಾಣ್ತಾ ಇಲ್ಲ! ವಾಲ್ಟರ್ ಆಗಲೇ ಫ್ರಂಟ್ ರೋನಲ್ಲಿ ಕೂತಿದ್ದಾರೆ. ಅವರ ಮುಖ ಹೇಗೆ ನೋಡ್ಲಿ?"

ಸ್ಟೀರಿಂಗ್ ಹಿಡಿದಿದ್ದ ಸುಬ್ಬಣ್ಣ ಪಕ್ಕದಲ್ಲಿ ಕೂತಿದ್ದ ಅನ್ನಪೂರ್ಣವ್ವನತ್ತ ತಿರುಗಿದ. ಧಾರವಾಡದ ಅವಳು ವಿಮಾ ಕಂಪನಿಗಳಿಗಾಗಿ ಕಳವಿನ ತನಿಖೆ ಮಾಡುವವಳು. ಸಿಡ್ನಿಯ ಕನ್ನಡಿಗರ ಮನೆಯಲ್ಲಿ ಏನು ಕಳೆದರೂ ಮೊದಲ ಫೋನು ಅವಳಿಗೇ. ನೆರೆಮನೆಯ ಸುಬ್ಬಣ್ಣ ಅವಳ ಎಲ್ಲ ಪ್ರಕರಣಗಳ ಸಂಗಾತಿ.

ಅದು ೨೦೦೬ನೆಯ ಇಸವಿ. ಅಮೆರಿಕದ ಗಡಿಸೀಮೆಯಲ್ಲಿ ರೈಲು ದೋಚಿ ಮೆರೆದು ಅಳಿದ ಒಂದು ದರೋಡೆಕೋರ ಗ್ಯಾಂಗಿನ ಕತೆ ಆ ಸಂಜೆ ಯಕ್ಷಗಾನವಾಗಿ ರಂಗವೇರಲಿತ್ತು. ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುತ್ತ, ಈ ಆಟಕ್ಕೆಂದೇ ಸಿಡ್ನಿಗೆ ಬಂದಿದ್ದ ಭವ್ಯಶ್ರೀಯದೇ ನಾಯಕನ ವೇಷ. ಅವಳು ಬಾಡಿಗೆಗಿದ್ದ ಮನೆಯ ಯಜಮಾನ ವಾಲ್ಟರ್ ಆ ನಾಯಕನ ಮರಿಮಗ. ಆ ಸ್ಪರ್ಸ್, ಎಂದರೆ ಕುದುರೆಯನ್ನು ತಿವಿಯಲು ಬೂಟಿನ ಹಿಮ್ಮಡಿಗೆ ಕಟ್ಟುವ ಬೆಳ್ಳಿಯ ಮುಳ್ಳುಚಕ್ರಗಳೆರಡೇ ಮುತ್ತಜ್ಜನಿಂದ ಅವನಿಗೆ ಉಳಿದ ಆಸ್ತಿ. ಯಾರಿಗೂ ಮುಟ್ಟಲು ಕೊಡದಿದ್ದ ಅವನ್ನು ಆ ಮುದುಕ ಇವಳ ಮಾತೊಂದನ್ನೇ ನಂಬಿ ಕೊಟ್ಟಿದ್ದ.

ವೇಷ ಕಟ್ಟುವ ಕೋಣೆಯಾದ ಚೌಕಿಯಲ್ಲಿ ಗಣಪತಿಯ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದ ಪೆಟ್ಟಿಗೆಯ ಮೇಲೆ ಪೂಜೆಯಾದ ದೊಡ್ಡ ಕಿರೀಟ. ವೇದಿಕೆಗೆ ಮರ ಕೊಯ್ದ ಹುಡಿ ನೆಲದ ತುಂಬ ಚೆಲ್ಲಿತ್ತು.

"ಉಳಿದವರೆಲ್ಲ ಮೈಕ್ ಪರೀಕ್ಷೆಗೆ ರಂಗದ ಮೇಲಿದ್ದಾಗ ಒಳಗೆ ಬಂದವರು ಮೂವರೇ," ಎಂದಳು ಭವ್ಯಶ್ರೀ.

ಮೊದಲನೆಯವರು ಹಾಡುವ ಭಾಗವತ ಕೊರಗಪ್ಪ. "ಎಂಥ ಮಾರಾಯ್ತಿ, ಈ ಪ್ರಾಯದಲ್ಲಿ ನಾನು ಕದಿಯುವುದುಂಟಾ?" ಎನ್ನುತ್ತ ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಬುಡಕ್ಕಂಟಿದ್ದ ಮರದ ಹುಡಿಯನ್ನು ಶಾಲಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಮತ್ತೆ ಅಲ್ಲೇ ಇಟ್ಟರು. "ಹಾರಿ ಹಾರಿ ಇಲ್ಲಿಗೂ ಬಂದಿದೆ, ಕರ್ಮ!"

ಎರಡನೆಯವನು ಗ್ಯಾಂಗನ್ನು ಬೆನ್ನಟ್ಟುವ ಪೊಲೀಸ್ ಅಧಿಕಾರಿ ಶೆರೀಫನ ವೇಷದ ಜಯೇಶ್. ನಾಯಕನ ಪಾತ್ರ ಕೈತಪ್ಪಿತೆಂಬ ಕೊರಗು ಅವನಿಗಿತ್ತು. ಮಡಿಲಲ್ಲಿ ತನ್ನ ವೇಷದ ಕಿರೀಟ ಇಟ್ಟುಕೊಂಡು, ಒಂದೇ ಕೈಯಲ್ಲಿ ಕಷ್ಟಪಟ್ಟು ಕಾಫಿ ಕುಡಿಯುತ್ತಿದ್ದ. "ನನ್ನ ಬ್ಯಾಗ್ ಚೆಕ್ ಮಾಡಿ ಆಂಟಿ, ಐ ಡೋಂಟ್ ಕೇರ್."

ಮೂರನೆಯವನು ದೀಪದ ವ್ಯವಸ್ಥೆಯ ಕಿರಣಕುಮಾರ, ಹುಬ್ಬಳ್ಳಿಯವನು. ಗ್ಯಾಂಗಿನ ಕತೆಯನ್ನು ಹುಡುಕಿ ತಂದವನೂ ಅವನೇ. "ದೇವರ ಪೆಟ್ಟಿಗಿ ಒಂದ ಬಿಟ್ಟು ಎಲ್ಲಾ ತಗದು ನೋಡೇವ್ರಿ," ಎಂದ. ಜೊತೆಗೆ ಹುಡುಕುತ್ತ ಸುಬ್ಬಣ್ಣನಿಗೆ ಕತೆಯನ್ನೂ ಹೇಳಿದ: "ಕಣಿವ್ಯಾಗ ಅಡಗಿದ್ದ ಅವರನ್ನ ಯಾ ಶೆರೀಫನೂ ಹಿಡೀಲಿಲ್ಲ. ಕಡೀಕೆ ದಾರಿ ತೋರಿಸಿದವ ಅವರ ಕುದರಿ ಕಾಯಾಂವ. ಅವನನ್ನ ಅವರು ತಮ್ಮಾಂವ ಅಂತ ಎಣಿಸೇ ಇದ್ದಿಲ್ಲ."

ಒಂದೇ ಬಾಗಿಲು. ಅಲ್ಲಿ ಕಾಫಿ ಹಂಚುತ್ತಿದ್ದ ಪ್ರೇಮಾವತಿ, ಹೊರಗೆ ಹೋದವರೆಲ್ಲ ಬರಿಗೈಯಲ್ಲಿದ್ದರೆಂದು ಆಣೆಯಿಟ್ಟಳು. ಜಯೇಶನೇ ಕಳ್ಳನೆಂದು ಸುಬ್ಬಣ್ಣ ಮನಸ್ಸಿನಲ್ಲೇ ತೀರ್ಮಾನಿಸಿದ. ಅನ್ನಪೂರ್ಣವ್ವ ಮಾತ್ರ ಎಲ್ಲರನ್ನೂ ದೀಪದ ಮುಂದೆ ಕೂಡಿಸಿದಳು.

"ವಸ್ತು ಹೊರಗ ಹೋಗಿಲ್ಲ ಅಂದಮ್ಯಾಲೆ ಒಳಗ ಅದ. ಯಾರೂ ನೋಡದ ಜಾಗಾ ಒಂದs. ಭಾಗವತರ, ಪೆಟ್ಟಿಗಿ ತಗೀರಿ."

ಪೂಜೆಯ ಕಿರೀಟ ಕೂತ ಪೆಟ್ಟಿಗೆ! ಕೊರಗಪ್ಪ ಕೈಮುಗಿದು, ಕಿರೀಟವನ್ನು ಭವ್ಯಶ್ರೀಯ ಕೈಗಿತ್ತು ಮುಚ್ಚಳ ತೆಗೆದರು. ರೇಷ್ಮೆಯ ಬಟ್ಟೆಯೊಳಗೆ ಬೆಳ್ಳಿ ಮಿನುಗಿತು. ಭವ್ಯಶ್ರೀ ಬಿಕ್ಕಿದಳು.

"ಪೆಟ್ಟಿಗೆ ನಿಮ್ಮದು, ಅಂಕಲ್," ಎಂದ ಜಯೇಶ್ ಭಾಗವತರಿಗೆ.

"ತಡಿ," ಎಂದಳು ಅನ್ನಪೂರ್ಣವ್ವ. "ಹಾರಿ ಬಂದ ಹುಡಿ ಮ್ಯಾಲೆ ಕೂಡತದ, ಬುಡಕ್ಕ ಹತ್ತೂದುಲ್ಲ. ಪೆಟ್ಟಿಗಿ ತಗಿಯಾಕ ಯಾರೋ ಈ ಕಿರೀಟಾನ ನೆಲದ ಮ್ಯಾಲೆ ಇಟ್ಟಾರ. ಭಾಗವತರು ಇಡತಿದ್ರೇನು? ನೀ ಇಡತಿದ್ದೇನು ಜಯೇಶ? ಕಾಫಿ ಕುಡಿಯೂವಾಗೂ ಮಡಲಾಗಿಂದ ಇಳಿಸಲಿಲ್ಲ ನೀ. ಗೆಜ್ಜಿ ಕಟ್ಟಿದವರು, ಪದಾ ಹಾಡಿದವರು ಕದಿಯೂವಾಗೂ ಕಿರೀಟಾನ ಬರೀ ನೆಲಕ್ಕ ಇಡೂದುಲ್ಲ. ಇಟ್ಟಾಂವ ಗೆಜ್ಜಿ ಕಟ್ಟದಾಂವ, ಪದಾ ಹಾಡದಾಂವ. ಈ ಮೂವರೊಳಗ ಅಂಥಾಂವ ಒಬ್ಬನs."

ಎಲ್ಲರ ಕಣ್ಣೂ ಕಿರಣಕುಮಾರನತ್ತ ಹೊರಳಿದವು.

"ಕದಿಯಾಕಲ್ರೀ," ಎಂದ ಅವನು. "ಆಟ ಸುರು ಆಗೂ ಮುಂದ ನಾನs ಹುಡುಕಿ ಕೊಡಾಂವ ಇದ್ದೆ. ಅವಾಗರೆ ನನ್ನ ಹೆಸರ ತಗೋತಿದ್ರಿ. ಕತಿ ತಂದಾಂವ ನಾನು. ಒಬ್ಬರರೆ ಅಂದ್ರೇನು?"

"ಕುದರಿ ಕಾಯಾಂವನ ಕತಿ ನೀನs ಹೇಳಿದಿ," ಎಂದಳು ಅನ್ನಪೂರ್ಣವ್ವ ಮೆಲ್ಲಗೆ. "ಹೇಳೂವಾಗ ನಿನ್ನ ಮುಖ ನೋಡಿದ್ದೆ."

ಭವ್ಯಶ್ರೀ ಕಣ್ಣೊರೆಸಿಕೊಂಡಳು. "ನನ್ನ ಮಾನ ಹೋಗ್ತಿತ್ತು, ಕಿರಣ್ ಅಂಕಲ್. ಅದನ್ನ ಮರೆಯಲ್ಲ. ಆದ್ರೆ ನಿಮ್ಮ ಹೆಸರು ಹೇಳ್ದೇ ಇದ್ದಿದ್ದು ನಮ್ಮ ತಪ್ಪು. ಹೋಗಿ, ಲೈಟ್ ಹಾಕಿ."

ಆಟ ತೊಡಗಿತು. ಕೊರಗಪ್ಪ ಮೊದಲ ಪದ್ಯದಲ್ಲೇ ಕತೆ ತಂದವನ ಹೆಸರನ್ನು ತುಂಬುಕಂಠದಿಂದ ಹಾಡಿದರು. ಮೇಲಿನ ದೀಪ ಒಂದು ಕ್ಷಣ ನಡುಗಿ, ಆಮೇಲೆ ಸ್ಥಿರವಾಗಿ ನಿಂತಿತು. ಆ ಬೆಳಕಿಗೆ ಭವ್ಯಶ್ರೀ ಧುಮುಕಿದಳು: ತಲೆಗೆ ಕಿರೀಟ, ಕಾಲಲ್ಲಿ ಗೆಜ್ಜೆಯೊಡನೆ ಮೊಳಗುವ ಮುಳ್ಳುಚಕ್ರ. ದರೋಡೆಕೋರ ಮುತ್ತಜ್ಜನ ಹೆಸರನ್ನು ನಾಚಿಕೆಯಿಂದ ಬದುಕಿಡೀ ಅಡಗಿಸಿಟ್ಟಿದ್ದ ವಾಲ್ಟರ್ ಟೊಪ್ಪಿಗೆ ತೆಗೆದು ಎದ್ದು ನಿಂತ.

ಸುಬ್ಬಣ್ಣ ಪಕ್ಕದ ಕುರ್ಚಿಯ ಅಪರಿಚಿತನ ಕಡೆ ಬಾಗಿದ. "ಅಲ್ಲಿ ಕೂತಿದ್ದಾರಲ್ಲ, ಅನ್ನಪೂರ್ಣವ್ವ," ಎಂದ ಎದೆಯುಬ್ಬಿಸಿ, "ನಮ್ಮ ನೆರೆಮನೆಯವರು."