ಮೈಕಿಲ್ಲದ ಸದ್ದು

ಆಲಿಯಾ ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿ ಆರಿಸಿದಳು.

ವೇದಿಕೆಯ ಮೇಲೆ ಮುಸವ್ವಿರನ ತುಟಿಗಳು ಇನ್ನೂ ಆಡುತ್ತಿದ್ದವು. ದನಿ ಮಾತ್ರ ಮೊದಲ ಸಾಲಿನ ಕುರ್ಚಿಗಳಾಚೆ ಹೋಗಲಿಲ್ಲ. ಜನ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಗೋಡೆ ಬದಿಯ ಮೇಜಿನ ಹಿಂದೆ ನಿಂತಿದ್ದ ಅವಳನ್ನು ನೋಡಿದರು.

ಅವನು ಮೈಕನ್ನು ಬೆರಳಿನಿಂದ ತಟ್ಟಿದ. ಏನೂ ಇಲ್ಲ.

“ಯಾಕವ್ವ, ಕರೆಂಟು ಹೋಯ್ತಾ?” ಮುಂದಿನ ಸಾಲಿನಿಂದ ಹೊನ್ನಪ್ಪನವರು ಕೂಗಿದರು.

“ಮಿಷಿನ್ ಕೆಟ್ಟೋಯ್ತು.”

“ಅಂಗಾರೆ ಸರಿ ಮಾಡವ್ವ. ಮೇಷ್ಟ್ರು ಮಾತಿನ ಮಧ್ಯ ನಿಂತವ್ರೆ.”

“ಸರಿ ಆಗಲ್ಲ ಸಾರ್.”

ತಲೆಯ ಮೇಲೆ ಫ್ಯಾನುಗಳು ತಿರುಗುತ್ತಲೇ ಇದ್ದವು. ಆಲಿಯಾ ವೈರನ್ನು ಕಿತ್ತು ಮೊಣಕೈಗೆ ಸುತ್ತಲು ಶುರುಮಾಡಿದಳು.

ಇಷ್ಟು ಜನರ ಮುಂದೆ! ಹೇಗೆ ಮನಸ್ಸು ಬಂತು ಇವನಿಗೆ?

ಪಾಂಡವಪುರದ ಆ ಸಭಾಂಗಣದಲ್ಲಿ ಅವತ್ತು ‘ಊರ ಮಾತು’ ಉಪನ್ಯಾಸವಿತ್ತು. ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ಹೊನ್ನಪ್ಪನವರು ಹಟ ಹಿಡಿದು ನಡೆಸುವ ಸಭೆ ಅದು. “ಮನಸ್ಸು ಅನ್ನೋದು ಮೈಸೂರೋರಿಗೆ ಮಾತ್ರ ಐತಾ? ನಮಗೂ ಐತೆ, ಕೆಡ್ತದೆ,” ಎನ್ನುವುದು ಅವರ ವಾದ. ಹಾಗಾಗಿ ಪ್ರತಿ ತಿಂಗಳು ಸುತ್ತಮುತ್ತಲ ಒಂದೊಂದು ಊರಿನಲ್ಲಿ ಸಭೆ. ಪಟ್ಟಣದ ಬದುಕು, ನೀತಿ, ನೆಮ್ಮದಿ, ಹೀಗೆ ಒಂದೊಂದು ವಿಷಯ. ಮಾತಾಡುವವನು ಹೆಚ್ಚಾಗಿ ಮುಸವ್ವಿರ್, ಪಾಂಡವಪುರದ ಕಾಲೇಜಿನ ಅಧ್ಯಾಪಕ. ಮೈಕ್ ಸೆಟ್ಟು ಯಾವಾಗಲೂ ಶ್ರೀರಂಗಪಟ್ಟಣದ ಗಂಜಾಮಿನ ಅಹಮದ್ ಪಾಷಾ ಅವರದು. ಅವರ ಮಗಳು ಆಲಿಯಾ.

ಅವತ್ತಿನ ವಿಷಯ ಒಂಟಿತನ.

“ನನಗೆ ಗೊತ್ತಿರುವ ಒಬ್ಬ ಹುಡುಗಿ ಇದ್ದಾಳೆ,” ಎಂದು ಶುರುಮಾಡಿದ್ದ ಮುಸವ್ವಿರ್. “ಅವಳ ತಾಯಿ ಕೊನೆಯ ದಿನಗಳಲ್ಲಿ ಮನೆಯಲ್ಲೇ ಆಕ್ಸಿಜನ್ ಯಂತ್ರದ ಆಸರೆಯಲ್ಲಿದ್ದರು. ಆ ಯಂತ್ರ ಗುಂಯ್ ಅನ್ನುತ್ತಿದ್ದರೆ ತಾಯಿ ಉಸಿರಾಡುತ್ತಿದ್ದಾರೆ ಅಂತ ಸಮಾಧಾನ. ತಾಯಿ ಹೋದರು. ಬಾಡಿಗೆಯ ಯಂತ್ರವೂ ವಾಪಸ್ ಹೋಯಿತು. ಆಮೇಲೆ ಆ ಮನೆಯ ಮೌನದಲ್ಲಿ ಅವಳಿಗೆ ನಿದ್ದೆ ಬರಲಿಲ್ಲ. ಈಗ ರಾತ್ರಿಯೆಲ್ಲ ಬೇರೊಂದು ಯಂತ್ರವನ್ನು ಸುಮ್ಮನೆ ಓಡಲು ಬಿಟ್ಟು ಮಲಗುತ್ತಾಳೆ. ಅದರಿಂದ ಯಾವ ಕೆಲಸವೂ ಇಲ್ಲ. ಬರೀ ಸದ್ದು...”

ಗಂಜಾಮಿನಿಂದ ಬಂದಿದ್ದ ಇಬ್ಬರು ಹೆಂಗಸರು ಮೆಲ್ಲಗೆ ಹಿಂದೆ ತಿರುಗಿ ಆಲಿಯಾಳನ್ನು ನೋಡಿದರು. ಒಬ್ಬಳು ಕೆನ್ನೆಗೆ ಕೈಯಿಟ್ಟಳು. ಅಯ್ಯೋ ಪಾಪ ಎನ್ನುವ ಆ ಕೈ!

ಆಗಲೇ ಅವಳು ಸ್ವಿಚ್ಚು ಒತ್ತಿದ್ದು.

ಜನ ಟೀ ಕುಡಿಯಲು ಎದ್ದ ಮೇಲೆ ಮುಸವ್ವಿರ್ ಮೇಜಿನ ಹತ್ತಿರ ಬಂದ.

“ಆಲಿಯಾ, ಏನಾಯ್ತು?”

“ನಿಮಗೆ ಒಂದು ಕಥೆ ಬೇಕಿತ್ತು. ಸಿಕ್ತು. ಇನ್ನೇನು ಬೇಕು ಸಾರ್?”

“ಯಾವ ಕಥೆ?”

“ಕಿಕ್ಕೇರಿ ಸಭೆ ದಿನ ನಿಮಗೊಬ್ಬರಿಗೇ ಹೇಳಿದ್ದೆ. ಈ ಸದ್ದಿಲ್ದೆ ನಂಗೆ ನಿದ್ದೆ ಬರಲ್ಲ ಅಂತ. ನೀವು ಯಾಕೆ ಅಂತ ಕೇಳ್ಲಿಲ್ಲ. ಅದಕ್ಕೇ...” ಅವಳು ಸುತ್ತಿದ ವೈರನ್ನು ಮೇಜಿನ ಮೇಲೆ ಎಸೆದಳು. “ಒಳ್ಳೇರು ಅಂದ್ಕೊಂಡೆ. ನೀವು ಭಾಷಣಕ್ಕೆ ಅಂತ ಎತ್ತಿಟ್ಕೊಂಡಿದ್ರಿ, ಅಷ್ಟೇ.”

ಮುಸವ್ವಿರನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ. ಆಗ ಬಾಗಿಲಾಚೆ ಅಹಮದ್ ಪಾಷಾ ಕಾಣಿಸಿದರು. ಸಭೆಯುದ್ದಕ್ಕೂ ಹೊರಗೆ ಜನರೇಟರಿನ ಹತ್ತಿರವೇ ಇದ್ದ ಅವರಿಗೆ ಒಳಗೆ ನಡೆದದ್ದು ಏನೂ ಗೊತ್ತಿರಲಿಲ್ಲ. ಕೈಯಲ್ಲಿ ಮೂರು ಟೀ ಲೋಟ ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ನೋಡಿಕೊಂಡು ಬರುತ್ತಿದ್ದರು.

ಮುಸವ್ವಿರ್ ಅವರನ್ನು ನೋಡಿದ. ಬಾಯಿ ಮುಚ್ಚಿದ.

“ತಪ್ಪಾಯ್ತು,” ಎಂದಷ್ಟೇ ಹೇಳಿ ಹೊರಟುಹೋದ.

*

ಇದೇ ಮನುಷ್ಯನನ್ನು ಅವಳು ಮೊದಲು ಮಾತಾಡಿಸಿದ್ದು ಅವನ ಎತ್ತರದ ದೆಸೆಯಿಂದ. ಮೈಕಿಗಾಗಿ ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದ. ಒಂದು ದಿನ ಅವಳು ವೇದಿಕೆ ಹತ್ತಿ ಸ್ಟ್ಯಾಂಡಿನ ತಿರುಪು ಸಡಿಲಿಸಿ ಮೇಲೆತ್ತಿದ್ದಳು.

“ನೀವು ಬಗ್ಗಬ್ಯಾಡಿ ಸಾರ್. ಮೈಕೇ ನಿಮ್ಮ ಹತ್ರ ಬರುತ್ತೆ.”

ಅವನು ನಕ್ಕಿದ್ದ. ಅಂದಿನಿಂದ ಸಭೆಗೆ ಎಲ್ಲರಿಗಿಂತ ಮೊದಲು ಬರತೊಡಗಿದ. ಹಲೋ ಹಲೋ ಎಂದು ಮೈಕು ಪರೀಕ್ಷಿಸುವ ನೆಪ. ಹಲೋ ಎನ್ನಲು ಯಾರಾದರೂ ಒಂದು ಗಂಟೆ ಮೊದಲು ಬರುತ್ತಾರೆಯೇ? ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಹುಶಃ ಹೊನ್ನಪ್ಪನವರಿಗೂ.

ಅವನ ಅಕ್ಕ ನೂರ್ ಫಾತಿಮಾ ಶುಕ್ರವಾರ ಮನೆಗೆ ಬರುವುದಾಗಿ ಹೇಳಿ ಕಳಿಸಿದ್ದು ಪಾಂಡವಪುರದ ಸಭೆಗೆ ಮೊದಲೇ. ಸಭೆಯಾದ ಎರಡನೆಯ ದಿನ ಊಟಕ್ಕೆ ಕೂತಾಗ ಅಬ್ಬಾ ಆ ಮಾತು ತೆಗೆದರು.

“ಹೆಣ್ಣು ಕೇಳೋಕೆ ಬರ್ತಾರೆ ಬೇಟಿ. ಬರ್ಲಿ ಅನ್ಲಾ?”

“ಬ್ಯಾಡ.”

“ಯಾಕೆ? ಹುಡುಗ ಒಳ್ಳೇನು. ನಮ್ಮಂಥೋರ ಮಾತನ್ನೂ ಕೂತು ಕೇಳ್ತಾನೆ.”

“ಕೇಳ್ತಾನೆ ಅಬ್ಬಾ. ಅದೇ ಭಯ.”

ಪಾಷಾ ಮತ್ತೆ ಕೇಳಲಿಲ್ಲ. ಆಲಿಯಾಳ ತಾಯಿ ಇಮಾಮ್ ಬೀ ಹೋದಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ಎರಡನೇ ಸಲ ಏನನ್ನೂ ಕೇಳುವುದಿಲ್ಲ. ಅಂಗಡಿಯ ಹಿಂದೆ ಎರಡು ಕೋಣೆ, ನಡುವೆ ಒಂದು ಪಡಸಾಲೆ. ಪಡಸಾಲೆಯ ಹಲಗೆಯ ಮೇಲೆ ಹಳೆಯ ಆಂಪ್ಲಿಫೈಯರ್, ಪಕ್ಕದಲ್ಲಿ ಒಂದು ಸ್ಪೀಕರ್ ಬಾಕ್ಸು. ಅಮ್ಮಿ ತೀರಿಕೊಂಡ ವಾರ ಆಲಿಯಾ ಅದನ್ನು ರಾತ್ರಿ ಆನ್ ಮಾಡಿ ಬಿಟ್ಟಿದ್ದಳು. ಮೈಕಿಲ್ಲ, ಹಾಡಿಲ್ಲ, ಗುಂಯ್ ಎನ್ನುವ ಸಣ್ಣ ಸದ್ದು ಮಾತ್ರ. ಥೇಟ್ ಆ ಆಕ್ಸಿಜನ್ ಮಿಷಿನ್ನಿನ ಹಾಗೆ.

“ತೇವ ಹಿಡೀಬಾರ್ದು ಅಂತ ಹಾಕಿದೀನಿ ಅಬ್ಬಾ,” ಎಂದಿದ್ದಳು.

“ಇರ್ಲಿ ಬೇಟಿ,” ಎಂದಿದ್ದರು ಅಬ್ಬಾ.

ಪಾಂಡವಪುರದಿಂದ ಬಂದ ರಾತ್ರಿಯೇ ಅವಳು ಅದನ್ನು ಬಿಚ್ಚಿ ಅಂಗಡಿಯ ಮೂಲೆಗೆ ತಳ್ಳಿಬಿಟ್ಟಿದ್ದಳು. ಊರಿಗೆಲ್ಲ ಗೊತ್ತಾದ ಮೇಲೆ ಅದು ಅವಳದಾಗಿ ಉಳಿದಿರಲಿಲ್ಲ.

ಅವಳಿಗೆ ನಿದ್ದೆ ಬರಲಿಲ್ಲ. ಅದು ಅವಳಿಗೆ ಗೊತ್ತಿದ್ದದ್ದೇ. ಆದರೆ ಅಬ್ಬಾರ ಕಣ್ಣ ಕೆಳಗೂ ಕಪ್ಪು ಇಳಿಯತೊಡಗಿತ್ತು. ಮದುವೆಯ ಮಾತು ಮುರಿದದ್ದಕ್ಕೆ ಕೊರಗುತ್ತಿದ್ದಾರೆ ಎಂದುಕೊಂಡಳು.

*

ಮುಂದಿನ ವಾರ ಕಿಕ್ಕೇರಿಯಲ್ಲಿ ಮತ್ತೊಂದು ಸಭೆ, ಈ ಸಲ ಹಾಲಿನ ಡೈರಿಯವರದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆಲಿಯಾ ಅಬ್ಬಾರನ್ನು ಹುಡುಕಿಕೊಂಡು ವ್ಯಾನಿನ ಹತ್ತಿರ ಬಂದಳು.

ಹಿಂದಿನ ಬಾಗಿಲು ತೆರೆದಿತ್ತು. ಅಬ್ಬಾ ಒಳಗೆ ಕಾಲು ಮಡಚಿ, ಮಗುವಿನ ಹಾಗೆ ಪಕ್ಕಕ್ಕೆ ಮಲಗಿದ್ದರು. ತಲೆಯ ಬಳಿ ಬ್ಯಾಟರಿಗೆ ಹಾಕಿದ ಚಿಕ್ಕ ಆಂಪ್ಲಿಫೈಯರ್, ಅದರ ಮೇಲೆ ಅವರ ಅಂಗೈ. ಗುಂಯ್...

ಅವಳು ಸ್ವಿಚ್ಚಿಗೆ ಕೈ ಚಾಚಿದಳು.

“ಆರಿಸ್ಬ್ಯಾಡ ಬೇಟಿ.”

“ಬ್ಯಾಟರಿ ಖಾಲಿ ಆಯ್ತದೆ ಅಬ್ಬಾ.”

“ಆಗ್ಲಿ. ಮನೇಲಂತೂ ತೆಗೆದಿಟ್ಬುಟ್ಟೆ. ಇಲ್ಲಾದ್ರೂ ಒಂದು ಗಳಿಗೆ ಕಣ್ಮುಚ್ತೀನಿ.”

ಆಲಿಯಾ ಸ್ವಿಚ್ಚಿನಿಂದ ಕೈ ತೆಗೆದಳು.

ಪಾಷಾ ಎದ್ದು ಕೂತರು. ಮಗಳ ಮುಖ ನೋಡದೆ, ಆಂಪ್ಲಿಫೈಯರಿನ ಮೇಲಿನ ದೂಳನ್ನು ಅಂಗೈಯಲ್ಲಿ ಒರೆಸುತ್ತಾ ಹೇಳಿದರು.

“ತೇವಕ್ಕೆ ಅಂತ ನೀನು ಹಾಕ್ದೆ. ನಾನು ಅಲ್ಲಾಗೆ ಶುಕ್ರಿಯಾ ಅಂದೆ. ನಾನೇ ಹಾಕಿದ್ರೆ ನೀನು ಅಬ್ಬಂಗೆ ತಲೆ ಕೆಟ್ಟೈತೆ ಅಂತಿದ್ದೆ. ಆ ಮಿಷಿನ್ ಸದ್ದು ಕೇಳ್ತಿದ್ರೆ ನಿಮ್ಮಮ್ಮಿ ಪಕ್ಕದಲ್ಲೇ ಅವಳೆ ಅನ್ಸೋದು. ವಾಪಸ್ ತಗೊಂಡೋದ್ರಲ್ಲ, ಆವತ್ತೇ ನಂಗೆ ಅವಳು ಹೋಗಿದ್ದು.”

“ಅಬ್ಬಾ... ಇದನ್ನ ಯಾರಿಗಾದ್ರೂ ಹೇಳಿದ್ರಾ?”

“ಮುಸವ್ವಿರ್ ಸಾಬ್ರಿಗೆ ಒಬ್ರಿಗೆ. ಒಂದಿನ ಅವ್ರ ಮುಂದೆ ಅತ್ತೂ ಬುಟ್ಟೆ. ಅವ್ರು ಕೇಳಿದ್ರು, ಭಾಷಣದಲ್ಲಿ ಹೇಳ್ಲಾ ಪಾಷಾ ಸಾಬ್, ನಿಮ್ಮಂಗೆ ಎಷ್ಟು ಜನ ಇದಾರೋ, ಅವ್ರಿಗೆ ಧೈರ್ಯ ಬರುತ್ತೆ ಅಂತ. ಹೇಳಿ, ಆದ್ರೆ ಹೆಂಡ್ತಿಗೆ ಅಳೋ ಗಂಡ್ಸು ಅಂತ ಮಾತ್ರ ಹೇಳ್ಬ್ಯಾಡಿ, ನಾಚ್ಕೆ ಆಯ್ತದೆ ಅಂದೆ. ಅಂಗಾರೆ ಯಾರೋ ಹುಡುಗಿ, ಅವಳ ತಾಯಿ ಅಂತ ಬದಲಾಯಿಸ್ತೀನಿ, ನಿಮ್ಮ ಹೆಸರು ಎಲ್ಲೂ ಬಾಯಿ ಬಿಡಲ್ಲ ಅಂತ ಮಾತು ಕೊಟ್ರು.” ಅವರು ತಲೆ ಎತ್ತಿದರು. “ಹೇಳಿದ್ರಾ ಆವತ್ತು? ನಂಗೆ ಹೊರಗೆ ಕೇಳಿಸ್ಲಿಲ್ಲ.”

ಟೀ ಲೋಟ ಹಿಡಿದು ಬರುತ್ತಿದ್ದ ಅಬ್ಬಾರನ್ನು ನೋಡಿ ಬಾಯಿ ಮುಚ್ಚಿದ ಆ ಮುಖ ಅವಳ ಕಣ್ಣಿಗೆ ಕಟ್ಟಿತು. ಒಂದೇ ಮಾತಿನಲ್ಲಿ ಅವನು ತಪ್ಪಿಸಿಕೊಳ್ಳಬಹುದಿತ್ತು. ‘ಅದು ನೀನಲ್ಲ, ನಿಮ್ಮಪ್ಪ’ ಎನ್ನಬಹುದಿತ್ತು!

“ಹೇಳಿದ್ರು ಅಬ್ಬಾ. ನಾನೇ ಮಧ್ಯದಲ್ಲಿ ಆರಿಸ್ಬುಟ್ಟೆ.”

“ಯಾಕೆ?”

ಅವಳು ವ್ಯಾನಿನ ಅಂಚಿನಲ್ಲಿ ಕೂತಳು. ಅಷ್ಟರಲ್ಲಿ ಪಾಷಾಗೇ ಏನೋ ಹೊಳೆಯಿತು.

“ನೀನು ಹಾಕ್ತಿದ್ದಿದ್ದು... ತೇವಕ್ಕೆ ಅಲ್ವಾ?”

“ಅಲ್ಲ ಅಬ್ಬಾ.”

ಅಪ್ಪ ಮಗಳು ಪಕ್ಕಪಕ್ಕ ಕೂತರು. ಇಬ್ಬರ ನಡುವೆ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಇಮಾಮ್ ಬೀ ಹೋದ ಮೇಲೆ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

*

ಮುಂದಿನ ‘ಊರ ಮಾತು’ ನಾಗಮಂಗಲದಲ್ಲಿ. ಮುಸವ್ವಿರ್ ಮಾತಾಡುವುದಿಲ್ಲ ಎಂದು ಹೊನ್ನಪ್ಪನವರಿಗೆ ಹೇಳಿಬಿಟ್ಟಿದ್ದ. ಆದರೂ ಅವರು ಅವನನ್ನು ಎಳೆದು ತಂದಿದ್ದರು.

“ಮಾತಾಡದಿದ್ರೆ ಕತ್ತೆ ಬಾಲ. ಕುರ್ಚಿ ಮೇಲೆ ಕೂತ್ಕೊಳ್ಳಿ ಮೇಷ್ಟ್ರೆ. ಅದಕ್ಕೂ ಜನ ಬೇಕು,” ಎಂದು ಗೊಣಗುತ್ತಾ ಹೊರಗೆ ಹೋದರು.

ಸಭಾಂಗಣ ಖಾಲಿಯಿತ್ತು. ಪಾಷಾ ಹೊರಗೆ ಏಣಿ ಹತ್ತಿ ಸ್ಪೀಕರ್ ಕಟ್ಟುತ್ತಿದ್ದರು. ಮುಸವ್ವಿರ್ ಕೊನೆಯ ಸಾಲಿನಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ.

ಆಲಿಯಾ ಮೈಕು ಹಿಡಿದಳು. ಹಲೋ ಎನ್ನಲಿಲ್ಲ.

“ಮುಸವ್ವಿರ್ ಸಾರ್... ಮುಂದೆ ಬನ್ನಿ.”

ಅವಳ ದನಿ ನಾಲ್ಕು ಗೋಡೆಗಳಿಂದ ಒಟ್ಟಿಗೆ ಬಂತು. ಅವನು ಬೆಚ್ಚಿ ಎದ್ದ. ಕುರ್ಚಿಗಳ ನಡುವೆ ಹಾದು, ಕೊನೆಗೆ ಓಡುತ್ತಲೇ ಬಂದ ಎನ್ನಬೇಕು.

ಅವನು ಹತ್ತಿರ ಬಂದ ಕೂಡಲೇ ಆಲಿಯಾ ಸ್ವಿಚ್ಚು ಆರಿಸಿದಳು. ಈ ಸಲ ಮಾತು ನಿಲ್ಲಿಸಲು ಅಲ್ಲ.

“ಅಬ್ಬಾ ಎಲ್ಲ ಹೇಳಿದ್ರು,” ಎಂದಳು. “ಆವತ್ತೇ ಯಾಕೆ ಹೇಳ್ಲಿಲ್ಲ ನೀವು?”

“ನಿಮ್ಮ ತಂದೆಗೆ ಮಾತು ಕೊಟ್ಟಿದ್ದೆ.”

“ನಾನು ಅಷ್ಟೆಲ್ಲ ಅಂದಾಗ್ಲೂ?”

“ನೀವು ಅಂದಿದ್ದು ಸುಳ್ಳಲ್ಲ ಆಲಿಯಾ. ಕಿಕ್ಕೇರಿಯಲ್ಲಿ ನೀವು ಹೇಳಿದ್ದನ್ನ ನಾನು ತಮಾಷೆ ಅಂದ್ಕೊಂಡೆ. ಮೈಕಿನವರ ಮಗಳು, ಸದ್ದಿಲ್ದೆ ನಿದ್ದೆ ಬರಲ್ಲ ಅಂತಾಳೆ ಅಂತ ಮನೆಗೆ ಹೋಗಿ ಅಕ್ಕನ ಹತ್ರ ಹೇಳಿ ನಕ್ಕಿದ್ದೆ. ಕೇಳಿಸಿಕೊಳ್ಳೋದು ಹೇಗೆ ಅಂತ ಊರೂರಲ್ಲಿ ಭಾಷಣ ಮಾಡಿದೀನಿ. ನೀವು ಎದುರಿಗೆ ನಿಂತು ಹೇಳಿದ್ದು ಕೇಳಿಸ್ಲಿಲ್ಲ.”

ಅವಳಿಗೆ ಅವನ ಮೇಲೆ ಉಳಿದಿದ್ದ ಕೊನೆಯ ಸಿಟ್ಟೂ ಅಲ್ಲೇ ಕರಗಿತು. ಅವನು ಕ್ಷಮೆಯನ್ನೂ ಕೇಳುತ್ತಿರಲಿಲ್ಲ. ಆದದ್ದನ್ನು ಆದ ಹಾಗೆ ಮುಂದಿಟ್ಟು ನಿಂತಿದ್ದ.

“ನಿಮ್ಮಕ್ಕನಿಗೆ ಹೇಳಿ,” ಎಂದಳು ಆಲಿಯಾ, ಮೈಕ್ ಸ್ಟ್ಯಾಂಡಿನ ತಿರುಪು ಸಡಿಲಿಸುತ್ತಾ. “ಈ ಶುಕ್ರವಾರ ಅಬ್ಬಾ ಮನೇಲೇ ಇರ್ತಾರೆ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ನೀವು?”

“ನಾನೂ ಇರ್ತೀನಿ.”

ಅವಳು ಸ್ಟ್ಯಾಂಡನ್ನು ಅವನ ಎತ್ತರಕ್ಕೆ ಏರಿಸಿ ತಿರುಪು ಬಿಗಿ ಮಾಡಿದಳು.

“ಇವತ್ತು ಮಾತಾಡಿ. ಅಬ್ಬಾನ ಕಥೆ ಪೂರ್ತಿ ಮಾಡಿ. ಗಂಡ್ಸು ಅಂತಲೇ ಹೇಳಿ ಅಂದವ್ರೆ. ಒಳಗೆ ಕೂತು ಕೇಳ್ತಾರಂತೆ.”

ಮುಸವ್ವಿರ್ ತಲೆಯಾಡಿಸಿದ. ಕಣ್ಣು ತುಂಬಿತ್ತು. ಬಹಳ ಹೊತ್ತಿನಿಂದ ಹೇಳಬೇಕೆಂದುಕೊಂಡಿದ್ದನ್ನು ಹೇಳುವವನ ಹಾಗೆ ದನಿ ತಗ್ಗಿಸಿದ.

“ಆಲಿಯಾ, ಹಳೇ ಆಂಪ್ಲಿಫೈಯರ್ ನಿಮ್ಮ ತಂದೆ ಹತ್ರನೇ ಇರಲಿ. ನಮ್ಮ ಮನೆಗೆ ನಾನು ಬೇರೆ ತರ್ತೀನಿ. ಕೋಣೆ ಚಿಕ್ಕದು, ಆದರೂ ನಿಮ್ಮ ತಲೆದೆಸೆಯಲ್ಲಿ ಜಾಗ ಮಾಡ್ತೀನಿ. ರಾತ್ರಿಯೆಲ್ಲ ಓಡ್ತಾ ಇರಲಿ. ನನಗೇನೂ ತೊಂದರೆ ಇಲ್ಲ.”

ಹೊರಗೆ ಅಬ್ಬಾ ಯಾರಿಗೋ ಏಣಿ ಹಿಡಿಯಲು ಹೇಳುತ್ತಿದ್ದರು. ಒಳಗೆ ಆಂಪ್ಲಿಫೈಯರ್ ಆರಿತ್ತು, ಸ್ಪೀಕರುಗಳು ಸುಮ್ಮನಿದ್ದವು. ಓಡಿ ಬಂದಿದ್ದ ಅವನ ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಅಷ್ಟು ಹತ್ತಿರದಿಂದ ಅದು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಮಿಷಿನ್ ಬ್ಯಾಡ,” ಎಂದಳು. “ಇದೇ ಸಾಕು.”